ತೆಳುಗಾಳಿಯಲ್ಲಿ ಬೆಳೆದ ರೆಕ್ಕೆ

ಅಡಿಸ್ ಅಬಾಬಾದಿಂದ ವಾಷಿಂಗ್ಟನ್‌ಗೆ ಹೊರಡುವ ಇಥಿಯೋಪಿಯನ್ ಏರ್‌ಲೈನ್ಸ್ ವಿಮಾನ ನಡುದಾರಿಯಲ್ಲಿ ಒಂದು ಕಡೆ ಇಳಿಯುತ್ತದೆ. ಹಲವು ವರ್ಷ ಐರ್ಲೆಂಡಿನ ಡಬ್ಲಿನ್‌ನಲ್ಲಿ ಇಳಿಯುತ್ತಿತ್ತು. ಅಮೆರಿಕಕ್ಕೆ ಹೋಗುವ ಈ ಸಂಸ್ಥೆಯ ವಿಮಾನಗಳು ಟೋಗೊ ದೇಶದ ಲೋಮೆಯಲ್ಲಿ ಇಳಿದದ್ದೂ ಉಂಟು. ಅಲ್ಲಿ ಇಂಧನ ತುಂಬಿಸಿಕೊಂಡು ಅಟ್ಲಾಂಟಿಕ್ ದಾಟುತ್ತವೆ. ಆದರೆ ಅದೇ ವಿಮಾನ, ಅದೇ ಎಂಜಿನ್, ಹೆಚ್ಚುಕಡಿಮೆ ಅಷ್ಟೇ ಪ್ರಯಾಣಿಕರು. ವಾಷಿಂಗ್ಟನ್‌ನಿಂದ ಮರಳುವಾಗ ಮಾತ್ರ ಎಲ್ಲೂ ನಿಲ್ಲದೆ ನೇರವಾಗಿ ಬಂದು ಅಡಿಸ್‌ನಲ್ಲಿ ಇಳಿಯುತ್ತದೆ.

ಹೋಗುವಾಗ ಆಗದ್ದು ಬರುವಾಗ ಹೇಗೆ ಆಗುತ್ತದೆ? ಗಾಳಿಯ ದಿಕ್ಕು ಎಂದು ಮೊದಲು ಅನ್ನಿಸುತ್ತದೆ. ಅದು ಅರ್ಧ ನಿಜ. ಅಟ್ಲಾಂಟಿಕ್ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಎತ್ತರದ ಗಾಳಿ ಮರಳುವ ವಿಮಾನವನ್ನು ಬೆನ್ನಿಗೆ ನಿಂತು ನೂಕುತ್ತದೆ. ಆದರೆ ಮುಖ್ಯ ಕಾರಣ ಆಕಾಶದಲ್ಲಿಲ್ಲ, ನೆಲದಲ್ಲಿದೆ. ಅಡಿಸ್ ಅಬಾಬಾದ ಬೋಲೆ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ 2,334 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ತುದಿಯೇ 1,930 ಮೀಟರ್. ಅದಕ್ಕಿಂತ ನಾನೂರು ಮೀಟರ್ ಮೇಲೆ ಒಂದು ರನ್‌ವೇ ಹಾಸಿ, ಮುನ್ನೂರು ಜನರನ್ನು ತುಂಬಿಕೊಂಡು ಇನ್ನೊಂದು ಖಂಡಕ್ಕೆ ಹಾರಿಹೋಗಿ ಎಂದರೆ ಹೇಗೆ?

ಆಫ್ರಿಕಾದ ಅತಿ ದೊಡ್ಡ ವಿಮಾನಯಾನ ಸಂಸ್ಥೆ ಬೆಳೆದದ್ದು ಇಂಥ ಜಾಗದಲ್ಲಿ. ತೈಲದ ದುಡ್ಡಿಲ್ಲದ, ಈಗ ಕಡಲ ತೀರವೂ ಇಲ್ಲದ, ಬರಗಾಲ ಮತ್ತು ಯುದ್ಧಗಳಿಗೆ ಹೆಸರಾದ ಬಡ ದೇಶವೊಂದರ ಸರ್ಕಾರಿ ಸಂಸ್ಥೆ ಅದು. ಅದರ ಏಳಿಗೆಯನ್ನು ವ್ಯಾಪಾರದ ಕಥೆಯಾಗಿ ಹೇಳುವವರು ಬಹಳ. ನನಗೆ ಅದು ಮೊದಲು ಭೌತಶಾಸ್ತ್ರದ ಕಥೆ, ಆಮೇಲೆ ಭೂಗೋಳದ್ದು, ಕೊನೆಗೆ ವ್ಯಾಪಾರದ್ದು.

ವಿಮಾನದ ರೆಕ್ಕೆಗೆ ಬೇಕಾದದ್ದು ಗಾಳಿಯ ತೂಕ. ಸಮುದ್ರಮಟ್ಟದಲ್ಲಿ, 15 ಡಿಗ್ರಿ ಉಷ್ಣಾಂಶದಲ್ಲಿ, ಒಂದು ಘನ ಮೀಟರ್ ಗಾಳಿ ಸುಮಾರು 1.225 ಕಿಲೋ ತೂಗುತ್ತದೆ. ಬೋಲೆಯಲ್ಲಿ 25 ಡಿಗ್ರಿಯ ಮಧ್ಯಾಹ್ನ ಅಷ್ಟೇ ಗಾಳಿಯ ತೂಕ ಸುಮಾರು 0.89 ಕಿಲೋ. ಕಾಲು ಭಾಗಕ್ಕಿಂತ ಹೆಚ್ಚು ಕಡಿಮೆಯಾಯಿತು. ರೆಕ್ಕೆಯ ಎತ್ತುವ ಬಲ ಗಾಳಿಯ ಸಾಂದ್ರತೆಗೂ ವೇಗದ ವರ್ಗಕ್ಕೂ ಅನುಗುಣವಾಗಿರುತ್ತದೆ. ಸಾಂದ್ರತೆ ಕುಗ್ಗಿದರೆ ಆ ಕೊರತೆಯನ್ನು ವೇಗದಿಂದಲೇ ತುಂಬಬೇಕು. ಲೆಕ್ಕ ಹಾಕಿದರೆ ಶೇ 17ರಷ್ಟು ಹೆಚ್ಚು ವೇಗ ಬೇಕು: ಮಂಗಳೂರಿನ ಮಟ್ಟದಲ್ಲಿ ಗಂಟೆಗೆ 280 ಕಿ.ಮೀ.ಗೆ ನೆಲ ಬಿಡುವ ವಿಮಾನ ಬೋಲೆಯಲ್ಲಿ 328 ಕಿ.ಮೀ. ಮುಟ್ಟುವವರೆಗೆ ನೆಲ ಬಿಡುವುದಿಲ್ಲ.

ಕಷ್ಟ ಇಲ್ಲಿಗೆ ಮುಗಿಯುವುದಿಲ್ಲ. ಜೆಟ್ ಎಂಜಿನ್ನೂ ಉಸಿರಾಡುವುದು ಇದೇ ಗಾಳಿಯನ್ನು. ಒಳಗೆ ಹೋಗುವ ಗಾಳಿ ಕಡಿಮೆಯಾದರೆ ಹಿಂದಕ್ಕೆ ತಳ್ಳುವುದಕ್ಕೂ ಕಡಿಮೆ, ನೂಕುಬಲವೂ ಕಡಿಮೆ. ಅಂದರೆ ಹೆಚ್ಚು ವೇಗವನ್ನು ಕಡಿಮೆ ಬಲದಿಂದ ಗಳಿಸಬೇಕು. ಸ್ಥೂಲವಾಗಿ ಹೇಳುವುದಾದರೆ, ಸಮುದ್ರಮಟ್ಟದಲ್ಲಿ ಎರಡು ಸಾವಿರ ಮೀಟರ್ ಓಡಿ ಏಳುವ ವಿಮಾನಕ್ಕೆ ಇಲ್ಲಿ ಮೂರೂವರೆ ಸಾವಿರ ಮೀಟರ್ ಬೇಕು. ಬೋಲೆಯ ಉದ್ದನೆಯ ರನ್‌ವೇ ಸುಮಾರು 3,800 ಮೀಟರ್. ಉದ್ದ ಇನ್ನೂ ಬೆಳೆಸಿದರಾಯಿತಲ್ಲ ಎಂದರೆ ಅದಕ್ಕೂ ಎಲ್ಲೆ ಇದೆ: ಟೈರು. ದೊಡ್ಡ ಜೆಟ್‌ಗಳ ಟೈರುಗಳಿಗೆ ಸಾಮಾನ್ಯವಾಗಿ ಗಂಟೆಗೆ 235 ಮೈಲಿ, ಅಂದರೆ 378 ಕಿ.ಮೀ. ಮಿತಿ ಇರುತ್ತದೆ. ಅದನ್ನು ಮೀರಿದರೆ ತಿರುಗುವ ರಭಸಕ್ಕೇ ರಬ್ಬರ್ ಹರಿದು ಹೋಗುವ ಅಪಾಯ. ಕೊನೇ ಗಳಿಗೆಯಲ್ಲಿ ಟೇಕಾಫ್ ಕೈಬಿಡಬೇಕಾಗಿ ಬಂದರೆ ಅಷ್ಟು ವೇಗವನ್ನು ಬ್ರೇಕುಗಳು ಶಾಖವಾಗಿ ನುಂಗಬೇಕು, ಅವಕ್ಕೂ ಒಂದು ಮಿತಿ. ಇನ್ನು ಕಾನೂನಿನ ಮಿತಿಯೊಂದಿದೆ. ಎರಡು ಎಂಜಿನ್ನಿನ ವಿಮಾನದಲ್ಲಿ ಏಳುವಾಗಲೇ ಒಂದು ಎಂಜಿನ್ ಕೆಟ್ಟರೂ, ಚಕ್ರ ಮಡಚಿಕೊಂಡ ಮೇಲೆ ನೂರು ಮೀಟರ್ ಮುಂದೆ ಸಾಗುವಷ್ಟರಲ್ಲಿ ಕನಿಷ್ಠ 2.4 ಮೀಟರ್ ಮೇಲೇರಬೇಕು. ಊರಿನ ಉತ್ತರಕ್ಕೆ 3,200 ಮೀಟರ್ ಎತ್ತರದ ಎಂಟೊಟೊ ಬೆಟ್ಟ ನಿಂತಿರುವಾಗ ಈ ನಿಯಮವನ್ನು ಯಾರೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ಉಳಿಯುವ ದಾರಿ ಒಂದೇ, ತೂಕ ಇಳಿಸುವುದು. ಸೀಟು ಖಾಲಿ ಬಿಡಬೇಕು, ಸರಕು ಬಿಡಬೇಕು, ಇಲ್ಲವೇ ಇಂಧನ ಕಡಿಮೆ ತುಂಬಬೇಕು. ದೂರದ ಪ್ರಯಾಣದಲ್ಲಿ ವಿಮಾನದ ತೂಕದ ಮೂರನೇ ಒಂದು ಭಾಗ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು, ಬರೀ ಇಂಧನವೇ. ಟಿಕೆಟ್ ಕೊಂಡವರನ್ನು ಬಿಟ್ಟುಹೋಗುವುದಕ್ಕಿಂತ ಅರ್ಧ ಇಂಧನ ತುಂಬಿಕೊಂಡು ಹೊರಟು, ಕಡಲಂಚಿನ ದಟ್ಟ ಗಾಳಿಯ ಊರಿನಲ್ಲಿ ಇಳಿದು, ಮಿಕ್ಕದ್ದನ್ನು ತುಂಬಿಕೊಳ್ಳುವುದು ಮೇಲು. ಡಬ್ಲಿನ್ ನಿಲುಗಡೆಯ ಗುಟ್ಟು ಇಷ್ಟೇ. ವಾಷಿಂಗ್ಟನ್‌ನ ಡಲ್ಲಸ್ ನಿಲ್ದಾಣ ಇರುವುದು ನೂರು ಮೀಟರ್‌ಗೂ ಕಡಿಮೆ ಎತ್ತರದಲ್ಲಿ. ಅಲ್ಲಿಂದ ಹೊಟ್ಟೆ ತುಂಬ ಇಂಧನ ಹೊತ್ತು ಏಳಬಹುದು.

ಇಷ್ಟು ತೊಡಕಿನ ಜಾಗದಲ್ಲಿ ಸಂಸ್ಥೆ ಹುಟ್ಟಿದ್ದು 1945ರ ಡಿಸೆಂಬರ್ 21ರಂದು. ಇಟಲಿಯ ಆಕ್ರಮಣದಿಂದ 1941ರಲ್ಲಿ ಬಿಡುಗಡೆಯಾಗಿದ್ದ ಇಥಿಯೋಪಿಯಾದಲ್ಲಿ ಆಗ ಬ್ರಿಟಿಷರ ಪ್ರಭಾವ ಬಲವಾಗಿತ್ತು. ಚಕ್ರವರ್ತಿ ಹೈಲೆ ಸೆಲಾಸಿ ವಿಮಾನಕ್ಕೆಂದು ಬ್ರಿಟಿಷರ ಕೈ ಹಿಡಿಯದೆ ಅಮೆರಿಕದ ಟಿಡಬ್ಲ್ಯೂಎ ಸಂಸ್ಥೆಯ ಜೊತೆ ಒಪ್ಪಂದ ಮಾಡಿಕೊಂಡ. ಯುದ್ಧ ಮುಗಿದು ಮಿಕ್ಕಿದ್ದ ಐದು ಸಿ-47 ವಿಮಾನಗಳು ಬಂದವು. ನಾವು ಡಕೋಟಾ ಎನ್ನುವ ಡಿಸಿ-3 ವಿಮಾನದ ಸೈನಿಕ ರೂಪ ಅದು. 1946ರ ಏಪ್ರಿಲ್ 8ರಂದು ಮೊದಲ ವಿಮಾನ ಅಸ್ಮಾರಾ ಮಾರ್ಗವಾಗಿ ಕೈರೋಗೆ ಹಾರಿತು. ಪೈಲಟ್‌ಗಳು, ಮೆಕ್ಯಾನಿಕ್‌ಗಳು, ಮ್ಯಾನೇಜರ್, ಎಲ್ಲರೂ ಅಮೆರಿಕನ್ನರು.

ಆ ವಿಮಾನಗಳ ಒಳಗೆ ಸೀಟಿನ ಸಾಲುಗಳಿರಲಿಲ್ಲ. ಎರಡೂ ಗೋಡೆಗೆ ಮಡಚುವ ಬೆಂಚು. ನಡುವಿನ ನೆಲದಲ್ಲಿ ಸರಪಳಿ ಬಿಗಿದ ಸರಕು. ಕಾಫಿ ಮೂಟೆ, ಚರ್ಮದ ಕಟ್ಟು, ಅದರ ಎರಡೂ ಪಕ್ಕ ಎದುರುಬದುರು ಕೂತ ಜನ. ಇಥಿಯೋಪಿಯಾದ ನೆಲವೋ, ನೀಲಿ ನೈಲ್ ನದಿ ಒಂದು ಕಿಲೋಮೀಟರ್‌ಗೂ ಆಳವಾಗಿ ಕೊರೆದ ಕಮರಿಗಳದು. ಈ ದಂಡೆಯಿಂದ ಎದುರಿನ ದಂಡೆ ಕಣ್ಣಿಗೆ ಕಂಡರೂ ಹೇಸರಗತ್ತೆಯ ಮೇಲೆ ಹೋದರೆ ದಿನಗಟ್ಟಲೆ. ಕಾಫಿ ಸೀಮೆ ಜಿಮ್ಮಾದಂಥ ಊರುಗಳಿಗೆ ರಸ್ತೆಗಿಂತ ಮೊದಲು ಉಪಯೋಗಕ್ಕೆ ಬಂದದ್ದು ಹುಲ್ಲಿನ ರನ್‌ವೇ. ಡಕೋಟಾದ ಪಿಸ್ಟನ್ ಎಂಜಿನ್ನುಗಳಿಗೆ ಸೂಪರ್‌ಚಾರ್ಜರ್ ಇತ್ತು. ತೆಳು ಗಾಳಿಯನ್ನು ಒತ್ತಿ ದಟ್ಟವಾಗಿಸಿ ಸಿಲಿಂಡರಿಗೆ ತುಂಬುವ ಸಾಧನ ಅದು. ಹಾಗಾಗಿ ಎಂಜಿನ್ನಿನ ಮಟ್ಟಿಗೆ ಎತ್ತರದ ಪೆಟ್ಟು ಅಷ್ಟಾಗಿ ತಟ್ಟಲಿಲ್ಲ. ಜೆಟ್ ಬಂದಾಗಲೇ ಎತ್ತರ ನಿಜವಾದ ಸಮಸ್ಯೆಯಾದದ್ದು.

1960ರ ದಶಕದ ಆರಂಭದಲ್ಲಿ ಸಂಸ್ಥೆ ಬೋಯಿಂಗ್ 720ಬಿ ಜೆಟ್‌ಗಳನ್ನು ಕೊಂಡಿತು. ಇದು ಪ್ರಸಿದ್ಧ 707ರ ಚಿಕ್ಕ, ಹಗುರ ರೂಪ. ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿರುವ ಕೊಲಂಬಿಯಾದ ಬೊಗೋಟಾ ನಗರದ ಅವಿಯಾಂಕಾ ಸಂಸ್ಥೆಯೂ ಇದೇ ವಿಮಾನವನ್ನು ಇಟ್ಟುಕೊಂಡಿತ್ತು. ಹಳೆಯ ಲಿದೆತಾ ನಿಲ್ದಾಣದಲ್ಲಿ ಜೆಟ್ ಇಳಿಸುವಂತಿರಲಿಲ್ಲ. ಊರಿನ ಇನ್ನೊಂದು ಬದಿಯ ಬಯಲಿನಲ್ಲಿ ಬೋಲೆ ನಿಲ್ದಾಣ ಎದ್ದದ್ದು ಆ ಕಾರಣಕ್ಕೆ. 1960ರ ನವೆಂಬರ್‌ನಲ್ಲೇ ಈ ಸಂಸ್ಥೆ ಆಫ್ರಿಕಾವನ್ನು ಅಡ್ಡಲಾಗಿ ದಾಟಿ ಅಕ್ರಾ, ಮನ್ರೋವಿಯಾಗಳಿಗೆ ಹಾರಿತ್ತು. ಅಲ್ಲಿಯವರೆಗೆ ಪೂರ್ವ ಆಫ್ರಿಕಾದಿಂದ ಪಶ್ಚಿಮ ಆಫ್ರಿಕಾಕ್ಕೆ ಹೋಗಬೇಕಾದವರು ಬಹುಮಟ್ಟಿಗೆ ಲಂಡನ್ ಅಥವಾ ಪ್ಯಾರಿಸ್ ಸುತ್ತಿ ಬರುತ್ತಿದ್ದರು. ವಸಾಹತು ದೊರೆಗಳು ಎಳೆದ ದಾರಿಗಳೆಲ್ಲ ಉತ್ತರಕ್ಕೇ ಓಡುತ್ತಿದ್ದವು, ನೋಡಿ.

ಅಮೆರಿಕನ್ನರ ಜೊತೆಗಿನ ಒಪ್ಪಂದದ ಆಶಯ ಒಂದು ದಿನ ಎಲ್ಲ ಕೆಲಸವೂ ಇಥಿಯೋಪಿಯನ್ನರ ಕೈಗೆ ಬರಬೇಕು ಎಂಬುದು. ಅದು ಕಾಗದದಲ್ಲಿ ಉಳಿಯಲಿಲ್ಲ. 1957ರಲ್ಲಿ ಅಲೆಮಾಯೆಹು ಅಬೆಬೆ ಡಿಸಿ-3 ಒಂದರ ಕ್ಯಾಪ್ಟನ್ ಆದರು. 1971ರಲ್ಲಿ ಕರ್ನಲ್ ಸೆಮ್ರೆಟ್ ಮೆಧಾನೆ ಮೊದಲ ಇಥಿಯೋಪಿಯನ್ ಜನರಲ್ ಮ್ಯಾನೇಜರ್ ಆದರು. ಆ ದಶಕದ ನಡುವಿನ ಹೊತ್ತಿಗೆ ಟಿಡಬ್ಲ್ಯೂಎ ಗಂಟುಮೂಟೆ ಕಟ್ಟಿತು. ಹೀಗೆ ಬಿಟ್ಟುಹೋಗುವಷ್ಟರಲ್ಲಿ ಪೈಲಟ್‌ಗಳನ್ನು, ಮೆಕ್ಯಾನಿಕ್‌ಗಳನ್ನು ತಯಾರು ಮಾಡುವ ಶಾಲೆಯೊಂದು ಅಡಿಸ್‌ನಲ್ಲೇ ಬೇರು ಬಿಟ್ಟಿತ್ತು. ಎಂಜಿನ್ ಬಿಚ್ಚಿ ಜೋಡಿಸುವ ವರ್ಕ್‌ಶಾಪೂ ಅಲ್ಲೇ. ಇಂದು ಆಫ್ರಿಕಾದ ಎಷ್ಟೋ ದೇಶಗಳ ಹುಡುಗ ಹುಡುಗಿಯರು ಅಲ್ಲಿಗೆ ಕಲಿಯಲು ಬರುತ್ತಾರೆ. ಬೇರೆ ದೇಶಗಳ ವಿಮಾನಗಳು ರಿಪೇರಿಗೆ ಬರುತ್ತವೆ.

ಸಂಸ್ಥೆಯ ಏಳಿಗೆಗೆ ಒಂದೇ ಕಾರಣ ಹೇಳು ಎಂದರೆ ನಾನು ಈ ಶಾಲೆ ಮತ್ತು ವರ್ಕ್‌ಶಾಪುಗಳ ಕಡೆಗೇ ಕೈ ತೋರಿಸುತ್ತೇನೆ. 1974ರಲ್ಲಿ ಚಕ್ರವರ್ತಿಯನ್ನು ಇಳಿಸಿ ಡೆರ್ಗ್ ಎಂಬ ಸೈನಿಕ ಆಡಳಿತ ಬಂತು. ಅದು ಸೋವಿಯತ್ ಒಕ್ಕೂಟದ ಮಡಿಲಲ್ಲಿ ಕೂತಿತ್ತು. ಬಂದೂಕು, ಟ್ಯಾಂಕು ಎಲ್ಲ ಮಾಸ್ಕೋದಿಂದ. ಆದರೂ ವಿಮಾನಯಾನ ಸಂಸ್ಥೆ ಬೋಯಿಂಗ್ ಬಿಡಲಿಲ್ಲ. 1979ರಲ್ಲಿ 727, 1984ರಲ್ಲಿ 767 ಬಂದವು. ಒಂದು ತಯಾರಕರ ವಿಮಾನಕ್ಕೆ ಒಗ್ಗಿದ ಕೈಗಳು, ಬಿಡಿಭಾಗದ ಉಗ್ರಾಣ, ಕೈಪಿಡಿಗಳು ಒಮ್ಮೆ ನೆಲೆಯಾದರೆ ಸಿದ್ಧಾಂತ ಬದಲಾಯಿತೆಂದು ಅವನ್ನು ಬದಲಾಯಿಸಲಾಗದು ಎಂಬುದು ಆ ಸರ್ವಾಧಿಕಾರಿಗಳಿಗೂ ಅರ್ಥವಾಗಿತ್ತು ಎಂದು ಕಾಣುತ್ತದೆ. ಖಂಡದ ಇತರ ಸಂಸ್ಥೆಗಳ ಗತಿ ನೆನೆಯಿರಿ: ಈಸ್ಟ್ ಆಫ್ರಿಕನ್ ಏರ್‌ವೇಸ್ 1977ರಲ್ಲಿ ಮುಚ್ಚಿತು, ಏರ್ ಆಫ್ರಿಕ್ 2002ರಲ್ಲಿ, ನೈಜೀರಿಯಾ ಏರ್‌ವೇಸ್ 2003ರಲ್ಲಿ. ನಮ್ಮ ಏರ್ ಇಂಡಿಯಾ 1960ರ ದಶಕದಲ್ಲಿ ಜಗತ್ತಿನ ಒಳ್ಳೆಯ ಸಂಸ್ಥೆಗಳ ಸಾಲಿನಲ್ಲಿತ್ತು. ಸಾಲದಲ್ಲಿ ಮುಳುಗಿ 2022ರ ಜನವರಿಯಲ್ಲಿ ಟಾಟಾಗಳ ಕೈಗೆ ಮರಳಿತು. ಇಥಿಯೋಪಿಯನ್ ಇವತ್ತಿಗೂ ಪೂರ್ತಿ ಸರ್ಕಾರದ್ದೇ. ಹಾಗಾಗಿ ಸರ್ಕಾರಿ ಒಡೆತನವೇ ರೋಗ ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ. ಸ್ವದೇಶದ ಮಾರುಕಟ್ಟೆಯಲ್ಲಿ ಅದಕ್ಕೆ ಹೇಳಿಕೊಳ್ಳುವ ಎದುರಾಳಿ ಇಲ್ಲ ಎಂಬುದನ್ನೂ ಜೊತೆಗೇ ಹೇಳಬೇಕು.

1984ರ 767ರ ವಿಷಯಕ್ಕೆ ಬರುತ್ತೇನೆ. ಆ ವರ್ಷ ಜೂನ್ 1ರಂದು ಹೊಸ ವಿಮಾನವನ್ನು ತಂದುಕೊಳ್ಳುವಾಗ ಸಂಸ್ಥೆ ಎರಡು ಎಂಜಿನ್ನಿನ ವಿಮಾನಗಳ ದೂರದ ದಾಖಲೆ ಮಾಡಿತು: ನಿಲ್ಲದೆ 12,082 ಕಿ.ಮೀ., 13 ಗಂಟೆ 17 ನಿಮಿಷ. ಎಲ್ಲಿಂದ ಎಲ್ಲಿಗೆ? ವಾಷಿಂಗ್ಟನ್‌ನಿಂದ ಅಡಿಸ್ ಅಬಾಬಾಗೆ. ದಾಖಲೆ ಮಾಡುವಾಗಲೂ ದಿಕ್ಕು ಅದೇ, ತಗ್ಗಿನಿಂದ ಎತ್ತರಕ್ಕೆ.

ಎತ್ತರ ಕಿತ್ತುಕೊಂಡದ್ದನ್ನು ಭೂಗೋಳ ಬೇರೆ ರೀತಿಯಲ್ಲಿ ಕೊಟ್ಟಿತ್ತು. ಗೋಳದ ಮೇಲೆ ದಾರ ಎಳೆದು ನೋಡಿ. ಬೆಂಗಳೂರಿನಿಂದ ನೈಜೀರಿಯಾದ ಲಾಗೋಸ್‌ಗೆ ಅತಿ ಹತ್ತಿರದ ದಾರಿ ಸುಮಾರು 8,150 ಕಿ.ಮೀ. ಅಡಿಸ್ ಅಬಾಬಾದಲ್ಲಿ ಇಳಿದು ಹೋದರೆ ಹೆಚ್ಚುವುದು ಮೂವತ್ತು ನಲವತ್ತು ಕಿಲೋಮೀಟರ್, ಅಷ್ಟೆ. ದುಬೈ ಸುತ್ತಿ ಹೋದರೆ ನಾನೂರಕ್ಕೂ ಹೆಚ್ಚು. ಊರು ಗೆರೆಯ ಮೇಲೇ ಕೂತಿದೆ. ಚೀನಾದಿಂದ ಪಶ್ಚಿಮ ಆಫ್ರಿಕಾಕ್ಕೂ ಬ್ರೆಜಿಲ್‌ಗೂ ಹೋಗುವ ದಾರಿಗಳು ಇದರ ಆಸುಪಾಸಿನಲ್ಲೇ ಹಾಯುತ್ತವೆ. ಸಂಸ್ಥೆ ಚೀನಾಕ್ಕೆ ಹಾರಲು ಶುರು ಮಾಡಿದ್ದು 1973ರಲ್ಲಿ. ಆಫ್ರಿಕಾ ಚೀನಾಗಳ ನಡುವೆ ದೊಡ್ಡ ವ್ಯಾಪಾರ ಕುದುರಲು ಇನ್ನೂ ಮೂರು ದಶಕ ಇತ್ತು. ಅದು ಕುದುರಿದಾಗ ಇವರ ದಾರಿ ಆಗಲೇ ತೆರೆದಿತ್ತು. ಮುಂಬೈ, ದೆಹಲಿಗಳಿಗೆ ಬಹಳ ಕಾಲದಿಂದ ಬರುತ್ತಿದ್ದ ವಿಮಾನ ಬೆಂಗಳೂರಿಗೆ ಬಂದದ್ದು 2019ರ ಅಕ್ಟೋಬರ್‌ನಲ್ಲಿ. ಕಂಪಾಲಾದಲ್ಲೋ ಕಿನ್ಶಾಸಾದಲ್ಲೋ ಕೆಲಸದಲ್ಲಿರುವ ಕನ್ನಡಿಗರಿಗೆ ಊರಿನ ಹಬ್ಬ ಅಂದಿನಿಂದ ಒಂದು ನಿಲುಗಡೆಯಷ್ಟು ದೂರ.

ನಡುವೆ ಒಂದು ಊರು ಇಟ್ಟುಕೊಳ್ಳುವ ಲಾಭ ಬರಿಯ ಗುಣಾಕಾರ. ಆಫ್ರಿಕಾದ ನಲವತ್ತು ಊರುಗಳನ್ನು ಹೊರಗಿನ ನಲವತ್ತು ಊರುಗಳಿಗೆ ನೇರವಾಗಿ ಜೋಡಿಸಬೇಕೆಂದರೆ 1,600 ಮಾರ್ಗಗಳು ಬೇಕು. ಬಹುಪಾಲು ವಿಮಾನ ಖಾಲಿ ಓಡುತ್ತವೆ. ಎಲ್ಲರೂ ಅಡಿಸ್‌ನಲ್ಲಿ ಇಳಿದು ಬದಲಾಯಿಸಿದರೆ 80 ಮಾರ್ಗ ಸಾಕು. ಲುಸಾಕಾದಿಂದ ಗ್ವಾಂಗ್‌ಝೌಗೆ ಹೋಗುವವರು ಇಬ್ಬರೇ ಇದ್ದರೂ ಚಿಂತೆಯಿಲ್ಲ; ಲುಸಾಕಾ ವಿಮಾನದಲ್ಲಿ ಅವರ ಪಕ್ಕ ಕೂತವರು ಮುಂಬೈಗೋ ರೋಮ್‌ಗೋ ಹೊರಟವರು. ಆದರೆ ಗುಣಾಕಾರ ಫಲಿಸಬೇಕಾದರೆ ವೇಳಾಪಟ್ಟಿ ಬಿಗಿಯಾಗಿರಬೇಕು. ಬೇರೆ ಬೇರೆ ದಿಕ್ಕಿನ ರೈಲು ಒಂದೇ ಹೊತ್ತಿಗೆ ಬಂದು ನಿಂತು, ಜನ ಪ್ಲಾಟ್‌ಫಾರಂ ದಾಟಿ ಹತ್ತಿದ ಮೇಲೆ ಒಟ್ಟಿಗೇ ಹೊರಡುವ ಅರಸೀಕೆರೆ ಜಂಕ್ಷನ್‌ನ ಲೆಕ್ಕವೇ ಇಲ್ಲಿಯೂ. ಬೆಳಗ್ಗೆ ಏಷ್ಯಾ, ಯುರೋಪಿನ ವಿಮಾನಗಳು ಸಾಲಾಗಿ ಬಂದಿಳಿಯುತ್ತವೆ. ಸ್ವಲ್ಪ ಹೊತ್ತಿಗೆ ಆಫ್ರಿಕಾದ ಊರುಗಳಿಗೆ ವಿಮಾನಗಳು ಹೊರಡುತ್ತವೆ. ಸಂಜೆ ಆ ವಿಮಾನಗಳು ಮರಳಿ, ರಾತ್ರಿ ದೂರದ ಖಂಡಗಳ ಸರದಿ. ದೂರದ ವಿಮಾನಗಳು ರಾತ್ರಿ ಹೊರಡುವುದಕ್ಕೆ ಕನೆಕ್ಷನ್ನೇ ಮುಖ್ಯ ಕಾರಣ. ಆದರೆ ಭೌತಶಾಸ್ತ್ರವೂ ತನ್ನ ಕಾಣಿಕೆ ಸೇರಿಸುತ್ತದೆ: ಹತ್ತು ಡಿಗ್ರಿಯ ಅಡಿಸ್ ರಾತ್ರಿಯ ಗಾಳಿ ಇಪ್ಪತ್ತೈದು ಡಿಗ್ರಿಯ ಮಧ್ಯಾಹ್ನದ ಗಾಳಿಗಿಂತ ಶೇ 5ರಷ್ಟು ದಟ್ಟ. ಹೆಚ್ಚು ತೂಕ ಹೊತ್ತ ವಿಮಾನ ತಣ್ಣನೆಯ ಹೊತ್ತಿನಲ್ಲಿ ಏಳುತ್ತದೆ.

2004ರ ನಂತರ ಗಿರ್ಮಾ ವಾಕೆ, 2011ರಿಂದ ಟೆವೊಲ್ಡೆ ಗೆಬ್ರೆಮರಿಯಮ್ ಸಂಸ್ಥೆಯನ್ನು ನಡೆಸಿದ ಕಾಲದಲ್ಲಿ ಬೆಳವಣಿಗೆ ಓಟ ಹಿಡಿಯಿತು. 2010ರಲ್ಲಿ ಹದಿನೈದು ವರ್ಷದ ಯೋಜನೆಯೊಂದನ್ನು ಹಾಕಿಕೊಂಡು ಅದರ ಹಲವು ಗುರಿಗಳನ್ನು ಅವಧಿಗೆ ಮೊದಲೇ ಮುಟ್ಟಿದರು. 2011ರ ಡಿಸೆಂಬರ್‌ನಲ್ಲಿ ಸ್ಟಾರ್ ಅಲಯನ್ಸ್ ಎಂಬ ವಿಮಾನಯಾನ ಸಂಸ್ಥೆಗಳ ಜಾಗತಿಕ ಕೂಟ ಸೇರಿದರು. ಲೋಮೆಯ ಆಸ್ಕಿ, ಮಲಾವಿ ಏರ್‌ಲೈನ್ಸ್, ಜಾಂಬಿಯಾ ಏರ್‌ವೇಸ್‌ಗಳಲ್ಲಿ ಪಾಲು ತೆಗೆದುಕೊಂಡು ಅಲ್ಲಲ್ಲಿ ಚಿಕ್ಕ ಅಡಿಸ್‌ಗಳನ್ನು ಕಟ್ಟಿಕೊಂಡರು. ಇದರ ವಿವರ ವ್ಯಾಪಾರ ಪುಟಗಳಿಗೆ ಬಿಟ್ಟದ್ದು. ನನ್ನನ್ನು ಸೆಳೆಯುವುದು ಅವರು ಆರಿಸಿದ ಯಂತ್ರಗಳು. 2010ರಲ್ಲಿ 777-200ಎಲ್‌ಆರ್, 2012ರ ಆಗಸ್ಟ್‌ನಲ್ಲಿ 787, 2016ರಲ್ಲಿ ಏರ್‌ಬಸ್ ಎ350, 2024ರಲ್ಲಿ ಅದರ ದೊಡ್ಡ ರೂಪ ಎ350-1000: ಇವೆಲ್ಲ ಆಫ್ರಿಕಾಕ್ಕೆ ಮೊದಲು ಬಂದದ್ದು ಈ ಸಂಸ್ಥೆಯ ಮೂಲಕ. ಜಪಾನಿನ ಎರಡು ಸಂಸ್ಥೆಗಳನ್ನು ಬಿಟ್ಟರೆ ಜಗತ್ತಿನಲ್ಲಿ 787 ಮೊದಲು ಹಾರಿಸಿದವರೂ ಇವರೇ. ಬಡ ದೇಶಕ್ಕೆ ಇಷ್ಟು ಹೊಸ ವಿಮಾನದ ಶೋಕಿ ಏಕೆ ಎಂದು ಕೇಳಿದವರಿದ್ದರು. ಶೋಕಿಯಲ್ಲ. ತೂಕವೇ ಶತ್ರುವಾದ ಊರಿನಲ್ಲಿ ಹಗುರ ವಿಮಾನಕ್ಕೆ ಬೇರೆಡೆಗಿಂತ ಬೆಲೆ ಹೆಚ್ಚು. 787ರ ತೂಕದ ಅರ್ಧದಷ್ಟು ಕಾರ್ಬನ್ ನಾರಿನ ಸಂಯುಕ್ತ ವಸ್ತು. ಅದು ಬದಲಿಸಿದ ಹಳೆಯ ವಿಮಾನಗಳಿಗಿಂತ ಶೇ 20ರಷ್ಟು ಕಡಿಮೆ ಇಂಧನ ಕುಡಿಯುತ್ತದೆ. ಕಡಿಮೆ ಇಂಧನ ಎಂದರೆ ಕಡಿಮೆ ಹೊರೆ, ಕಡಿಮೆ ಹೊರೆ ಎಂದರೆ ಬೋಲೆಯಿಂದ ಇನ್ನಷ್ಟು ಜನರೊಡನೆ ಏಳುವ ಅವಕಾಶ.

ಈ ಕಾರ್ಬನ್ ಕೊಳವೆಯೊಳಗೆ ಇನ್ನೊಂದು ತಮಾಷೆ ನಡೆಯುತ್ತದೆ. ಲೋಹದ ವಿಮಾನಗಳಲ್ಲಿ ಮೈ ಹಿಗ್ಗಿ ಕುಗ್ಗಿ ದಣಿಯದಿರಲೆಂದು ಒಳಗಿನ ಒತ್ತಡವನ್ನು ಸುಮಾರು 2,400 ಮೀಟರ್ ಎತ್ತರದ ಮಟ್ಟಕ್ಕೆ ಇಳಿಯಬಿಡುತ್ತಾರೆ. ಸಂಯುಕ್ತ ವಸ್ತುವಿಗೆ ಆ ದಣಿವು ಕಡಿಮೆ. 787ರ ಒಳಗೆ 1,800 ಮೀಟರ್ ಮಟ್ಟಕ್ಕಿಂತ ತೆಳುವಾಗಲು ಬಿಡುವುದಿಲ್ಲ. ಬೋಲೆ ಇರುವುದು 2,334 ಮೀಟರ್‌ನಲ್ಲಿ. ಅಂದರೆ ಇಲ್ಲಿ ಹತ್ತಿದ ಪ್ರಯಾಣಿಕ ಹನ್ನೆರಡು ಸಾವಿರ ಮೀಟರ್ ಮೇಲೇರುತ್ತಿರುವಾಗ ಅವನ ಕಿವಿಗೆ ಗೊತ್ತಾಗುವುದು ಬೆಟ್ಟ ಇಳಿದ ಅನುಭವ! ಬೆಂಗಳೂರಿನಿಂದ ಒಯ್ದ ಚಿಪ್ಸ್ ಪೊಟ್ಟಣ ಅಡಿಸ್‌ನ ಲಾಂಜ್‌ನಲ್ಲಿ ಉಬ್ಬಿ ನಿಂತಿರುತ್ತದೆ; ಮುಂದಿನ ವಿಮಾನ 787 ಆಗಿದ್ದರೆ ಆಕಾಶದಲ್ಲಿ ಕೊಂಚ ಸಡಿಲವಾಗುತ್ತದೆ.  

ಹೊಸ ಯಂತ್ರಗಳನ್ನು ಮೊದಲು ಕೊಳ್ಳುವವನು ಅವುಗಳ ಹುಳುಕನ್ನೂ ಮೊದಲು ಉಣ್ಣುತ್ತಾನೆ. 2013ರ ಜನವರಿಯಲ್ಲಿ ಲಿಥಿಯಂ ಬ್ಯಾಟರಿ ಬಿಸಿಯೇರುವ ದೋಷದಿಂದ ಜಗತ್ತಿನ 787ಗಳೆಲ್ಲ ನೆಲ ಹಿಡಿದವು. ಏಪ್ರಿಲ್ 27ರಂದು ಅಡಿಸ್‌ನಿಂದ ನೈರೋಬಿಗೆ ಹಾರಿ ಸೇವೆಗೆ ಮೊದಲು ಮರಳಿದ್ದು ಇಥಿಯೋಪಿಯನ್‌ನ 787. ಅದೇ ವರ್ಷದ ಜುಲೈನಲ್ಲಿ ಲಂಡನ್‌ನ ಹೀಥ್ರೂನಲ್ಲಿ ಖಾಲಿ ನಿಂತಿದ್ದ ಅದರದೇ ಒಂದು 787ರ ಬೆನ್ನಿನ ಭಾಗ ಹೊತ್ತಿಕೊಂಡಿತು. ಅಪಘಾತವಾದಾಗ ಸ್ಥಳದ ಸಂಕೇತ ಕಳಿಸುವ ಪುಟ್ಟ ಟ್ರಾನ್ಸ್‌ಮಿಟರ್‌ನ ಬ್ಯಾಟರಿ ತಂತಿ ಮುಚ್ಚಳದ ಕೆಳಗೆ ಸಿಕ್ಕಿಕೊಂಡಿತ್ತು.

ಇವು ಜೀವಹಾನಿಯಿಲ್ಲದೆ ಕಳೆದವು. 2019ರ ಮಾರ್ಚ್ 10 ಹಾಗಲ್ಲ. ನೈರೋಬಿಗೆ ಹೊರಟ 737 ಮ್ಯಾಕ್ಸ್ ವಿಮಾನ ಬೋಲೆ ಬಿಟ್ಟ ಆರು ನಿಮಿಷದಲ್ಲಿ ಬಿಷೋಫ್ತು ಬಳಿ ನೆಲಕ್ಕೆ ಬಡಿಯಿತು. ಒಳಗಿದ್ದ 157 ಜನರಲ್ಲಿ ಯಾರೂ ಉಳಿಯಲಿಲ್ಲ, ನಾಲ್ವರು ಭಾರತೀಯರು. ನಾಲ್ಕೂವರೆ ತಿಂಗಳ ಹಿಂದೆ ಇಂಡೊನೇಷ್ಯಾದ ಲಯನ್ ಏರ್‌ನ ಇದೇ ಮಾದರಿಯ ವಿಮಾನ 189 ಜನರೊಡನೆ ಕಡಲಿಗೆ ಬಿದ್ದಿತ್ತು. ಮ್ಯಾಕ್ಸ್‌ನ ದೊಡ್ಡ ಎಂಜಿನ್ನುಗಳನ್ನು ರೆಕ್ಕೆಯ ಮುಂದಕ್ಕೆ, ಮೇಲಕ್ಕೆ ಕೂರಿಸಿದ್ದರಿಂದ ಕೆಲವು ಸ್ಥಿತಿಗಳಲ್ಲಿ ಮೂತಿ ಮೇಲೇಳುವ ಪ್ರವೃತ್ತಿ ಇತ್ತು. ಅದನ್ನು ಸರಿದೂಗಿಸಲು ಎಂಕ್ಯಾಸ್ ಎಂಬ ತಂತ್ರಾಂಶವೊಂದು ಬಾಲದ ಅಡ್ಡರೆಕ್ಕೆಯನ್ನು ತಾನಾಗಿ ತಿರುಗಿಸಿ ಮೂತಿ ತಗ್ಗಿಸುತ್ತಿತ್ತು. ಗಾಳಿ ಯಾವ ಕೋನದಲ್ಲಿ ಬಡಿಯುತ್ತಿದೆ ಎಂದು ಹೇಳುವ ಒಂದೇ ಒಂದು ಸಂವೇದಕವನ್ನು ಅದು ನಂಬಿತ್ತು. ಆ ಬೆಳಗ್ಗೆ ಎಡಗಡೆಯ ಸಂವೇದಕ ನೆಲ ಬಿಟ್ಟ ಕೂಡಲೇ 74.5 ಡಿಗ್ರಿ ಎಂದು ತೋರಿಸಿತು. ಯಾವ ಪ್ರಯಾಣಿಕ ವಿಮಾನವೂ ಆ ಕೋನದಲ್ಲಿ ಹಾರಲಾರದು. ತಂತ್ರಾಂಶಕ್ಕೆ ಅದು ತಿಳಿಯದು. ಮೂತಿ ತಗ್ಗಿಸಿತು, ಮತ್ತೆ ತಗ್ಗಿಸಿತು. ಪೈಲಟ್‌ಗಳು ಹೇಳಿಕೊಟ್ಟಂತೆ ಆ ಅಡ್ಡರೆಕ್ಕೆಯ ವಿದ್ಯುತ್ ಕಡಿದು, ಅದನ್ನು ತಿರುಗಿಸುವ ಕೈಚಕ್ರವನ್ನು ತಿರುಗಿಸಲು ನೋಡಿದರು. ವೇಗ ಅಷ್ಟರಲ್ಲಿ ಮಿತಿಮೀರಿತ್ತು, ಬಾಲದ ಮೇಲಿನ ಗಾಳಿಯ ಒತ್ತಡಕ್ಕೆ ಚಕ್ರ ತಿರುಗಲಿಲ್ಲ. ಮತ್ತೆ ವಿದ್ಯುತ್ ಕೊಟ್ಟರು. ಎಂಕ್ಯಾಸ್ ಮತ್ತೆ ಕೆಲಸ ಶುರು ಮಾಡಿತು.

ಟೇಕಾಫಿನ ಪೂರ್ಣ ನೂಕುಬಲ ಹಾಗೆಯೇ ಉಳಿದದ್ದು ವೇಗ ಏರಲು ಕಾರಣ ಎಂದು ಅಮೆರಿಕ ಮತ್ತು ಫ್ರಾನ್ಸಿನ ತನಿಖಾ ಸಂಸ್ಥೆಗಳು ಎತ್ತಿ ತೋರಿಸಿದವು. ಸಿಬ್ಬಂದಿಯ ನಡೆಯನ್ನು ಇಥಿಯೋಪಿಯಾದ ವರದಿ ಸಾಕಷ್ಟು ನೋಡಿಲ್ಲ ಎಂದು ತಕರಾರು ತೆಗೆದವು. ಆ ತಕರಾರಿನಲ್ಲಿ ಹುರುಳಿದೆ. ಆದರೂ ಒಂದು ಸಂವೇದಕ ಸುಳ್ಳು ಹೇಳಿದರೆ ವಿಮಾನವೇ ನಂಬಿಬಿಡುವ ವಿನ್ಯಾಸ ಮೊದಲ ಅಪರಾಧಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಇಥಿಯೋಪಿಯನ್ ಮ್ಯಾಕ್ಸ್ ಅನ್ನು ಮತ್ತೆ ಹಾರಿಸಿದ್ದು 2022ರ ಫೆಬ್ರವರಿ 1ರಂದು, ಜಗತ್ತಿನ ಬಹುತೇಕ ಸಂಸ್ಥೆಗಳಿಗಿಂತ ತಡವಾಗಿ.

ನಡುವೆ ಕೋವಿಡ್ ಬಂತು. 2020ರಲ್ಲಿ ಪ್ರಯಾಣಿಕರು ಇಲ್ಲವಾದಾಗ ಸಂಸ್ಥೆಯ ಮೆಕ್ಯಾನಿಕ್‌ಗಳು ಸುಮಾರು 25 ದೊಡ್ಡ ವಿಮಾನಗಳ ಸೀಟು ಕಿತ್ತು ಅವನ್ನು ಸರಕಿನ ವಿಮಾನ ಮಾಡಿದರು. ಮಾಸ್ಕು, ಔಷಧಿ, ಆಮೇಲೆ ಲಸಿಕೆ. ಬೇರೆ ದೇಶಗಳ ಸಂಸ್ಥೆಗಳು ಸರ್ಕಾರದ ಮುಂದೆ ಕೈಯೊಡ್ಡಿ ನಿಂತಾಗ ಇದು ಅಂಥ ನೆರವಿಲ್ಲದೆ ದಾಟಿತು. ಸರಕು ಇವರಿಗೆ ಹೊಸದೂ ಅಲ್ಲ. ಕಾಫಿ ಮೂಟೆಯ ಕಾಲದಿಂದ ಬಂದದ್ದು. ಈಗ ಅದರ ಜಾಗದಲ್ಲಿ ಗುಲಾಬಿ. ಸಮಭಾಜಕದ ಹತ್ತಿರದ ಬಿಸಿಲು, ಎತ್ತರದ ತಂಪು ರಾತ್ರಿ, ಎರಡೂ ಸೇರಿದಲ್ಲಿ ಗುಲಾಬಿಯ ಮೊಗ್ಗು ದಪ್ಪಗೆ ಬರುತ್ತದೆ. ಬೆಂಗಳೂರಿನ ಕಂಪನಿಯೊಂದೂ ಅಲ್ಲಿಗೆ ಹೋಗಿ ಗುಲಾಬಿ ಬೆಳೆದಿತ್ತು. ವಿಮಾನಕ್ಕೆ ಶಾಪವಾದ ಎತ್ತರವೇ ಹೂವಿಗೆ ವರ. ಆ ಹೂವು ಯುರೋಪು ಮುಟ್ಟುವುದು ಮಾತ್ರ ವಿಮಾನದಲ್ಲೇ.

2023-24ರ ಆರ್ಥಿಕ ವರ್ಷದಲ್ಲಿ ಸಂಸ್ಥೆ ಸುಮಾರು 1 ಕೋಟಿ 70 ಲಕ್ಷ ಪ್ರಯಾಣಿಕರನ್ನು ಒಯ್ದಿತು. ಆದಾಯ ಸುಮಾರು 700 ಕೋಟಿ ಡಾಲರ್. ಐದು ಡಕೋಟಾಗಳಿದ್ದಲ್ಲಿ ಇಂದು 140ಕ್ಕೂ ಹೆಚ್ಚು ವಿಮಾನಗಳಿವೆ. ಬೋಲೆಯ ಸುತ್ತ ಊರು ಬೆಳೆದು ಅಪ್ಪಿಕೊಂಡಿದೆ. ಹೊಸ ರನ್‌ವೇಗೆ ಅಲ್ಲಿ ಜಾಗವಿಲ್ಲ. ಹಾಗಾಗಿ ಆಗ್ನೇಯಕ್ಕೆ ಸುಮಾರು 40 ಕಿ.ಮೀ. ದೂರದ ಬಿಷೋಫ್ತು ಬಳಿ ನಾಲ್ಕು ರನ್‌ವೇಗಳ ಹೊಸ ನಿಲ್ದಾಣದ ಯೋಜನೆಯನ್ನು ಸಂಸ್ಥೆ ಕೈಗೆತ್ತಿಕೊಂಡಿದೆ. ಖರ್ಚಿನ ಅಂದಾಜು ಸಾವಿರ ಕೋಟಿ ಡಾಲರ್‌ಗೂ ಹೆಚ್ಚು. ಪೂರ್ತಿಯಾದಾಗ ವರ್ಷಕ್ಕೆ 11 ಕೋಟಿ ಪ್ರಯಾಣಿಕರು ಎಂಬ ಲೆಕ್ಕ. ಹೊಲ ಬಿಟ್ಟುಕೊಡಬೇಕಾದ ರೈತರಿಗೆ ಸಿಗುವುದೇನು ಎಂಬ ಪ್ರಶ್ನೆ ದೇವನಹಳ್ಳಿಯನ್ನು ಬಲ್ಲ ನಮಗೆ ಹೊಸದಲ್ಲ.

ಜಾಗ ಆರಿಸುವಾಗ ನೋಡಿದ್ದರಲ್ಲಿ ಎತ್ತರವೂ ಒಂದು. ಹೊಸ ನಿಲ್ದಾಣ ಬೋಲೆಗಿಂತ ಸುಮಾರು ನಾನೂರು ಮೀಟರ್ ಕೆಳಗಿದೆ, ಗಾಳಿ ಅಲ್ಲಿ ಶೇ 4ರಷ್ಟು ದಟ್ಟ. ಅದೇ ವೇಗಕ್ಕೆ ರೆಕ್ಕೆ ಅಷ್ಟು ಹೆಚ್ಚು ಹೊರುತ್ತದೆ. 250 ಟನ್ನಿನ ವಿಮಾನಕ್ಕೆ ಅದು ಹತ್ತು ಟನ್ ಆಸುಪಾಸು, ಅಂದರೆ ಲಗೇಜು ಸಮೇತ ನೂರು ಪ್ರಯಾಣಿಕರ ತೂಕ.